ಹೆಬ್ಬೆರಳಿಗೆ ಕೆಲಸವಿಲ್ಲದ ಬಿಲ್ವಿದ್ಯೆ

ಹಂಪಿಯ ಹಜಾರರಾಮ ಗುಡಿಯ ಗೋಡೆ ಮೇಲೆ ಬಿಲ್ಲು ಹಿಡಿದ ರಾಮನನ್ನು ನೀವೂ ನೋಡಿರ್ತೀರಿ. ಹೊಸಪೇಟೆಯ ನಾವು ಮೂವರು ವರದಿಗಾರರು ಮೂವತ್ತು ದಾಟಿದ ಮೇಲೆ ಬಿಲ್ಲು ಹಿಡಿದೆವು.

ಮೊದಲ ದಿನ ಬಾಣವೇ ಇಲ್ಲ, ಕಣ್ಣಿನ ಪರೀಕ್ಷೆ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣಿಗೆ ಬೆರಳು ಕಂಬದ ಮೇಲೇ ಉಳಿಯುತ್ತೋ ಅದೇ ನಿಮ್ಮ ಗುರಿಯ ಕಣ್ಣು.

ಹೆದೆ ಎಳೆಯೋದು ತೋರುಬೆರಳು, ನಡುಬೆರಳು, ಉಂಗುರ ಬೆರಳಿಂದ. ಹೆಬ್ಬೆರಳು ಸುಮ್ಮನಿರುತ್ತೆ. ಏಕಲವ್ಯ ನೆನಪಾದ. ಈ ಪದ್ಧತಿಯಲ್ಲಿ ಹೆಬ್ಬೆರಳು ಹೋದರೂ ಬಾಣ ಹೋಗುತ್ತೆ. ಆದರೆ ಒಲಿಂಪಿಕ್ಸ್‌ನಲ್ಲಿ ಗುರಿ 70 ಮೀಟರ್ ದೂರ, ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್, ಜೋಳದ ರೊಟ್ಟಿಗಿಂತ ಚಿಕ್ಕದು. ಅಲ್ಲಿಗೆ ಮುಟ್ಟಿಸೋಕೆ ಪಕ್ಕದಲ್ಲಿ ನಿಂತು ಮೊಣಕೈ ತಿದ್ದುವ ಗುರು ಬೇಕು. ಸಂಡೂರು, ಕಂಪ್ಲಿಯ ಹಳ್ಳಿ ಮಕ್ಕಳಿಗೂ ಅಷ್ಟೇ.