ಚಾರ್ಮಾಡಿ ತಿರುವಿನಲ್ಲಿ ಕಾರು ಆಫ್ ಆದಾಗ
ವಾರದಿಂದ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಅಪ್ಪನ ಹಳೇ ಕಾರು ಆಫ್ ಆಗ್ತಿತ್ತು. ರೀಸ್ಟಾರ್ಟ್ ಮಾಡಿದ್ರೆ ಆಯ್ತು ಅನ್ನೋದು ನಮ್ಮ ಸಾಫ್ಟ್‌ವೇರ್ ಬುದ್ಧಿ!

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಸುತ್ತ ಮಂಜು. ತಿರುವಿನಲ್ಲಿ ಕ್ಲಚ್ ಒತ್ತಿದೆ, ಎಂಜಿನ್ ಆಫ್. ಸ್ಟೇರಿಂಗ್ ಬಿಗಿಯಾಯ್ತು. ಬ್ರೇಕ್ ಪದೇ ಪದೇ ತುಳಿದಷ್ಟೂ ಗಟ್ಟಿ. “ಬಿಡ್ಬೇಡ, ಒತ್ತಿ ಹಿಡ್ಕೋ!” ಅಪ್ಪ ಕೂಗಿದರು. ಹ್ಯಾಂಡ್‌ಬ್ರೇಕನ್ನೂ ಎಳೆದೆ. ತಡೆಗೋಡೆ ಪಕ್ಕ ನಿಂತಿತು. ಅಮ್ಮ ಮಾತೇ ಆಡಲಿಲ್ಲ.

ಮತ್ತೆ ಸ್ಟಾರ್ಟ್ ಮಾಡಿ, ಕ್ಲಚ್ ಮುಟ್ಟದೆ ಫಸ್ಟ್ ಗೇರ್‌ನಲ್ಲೇ ಇಳಿದೆವು. ಉಜಿರೆಯ ಮೆಕ್ಯಾನಿಕ್ ಕೇಳಿದ್ದು ಒಂದೇ: “ಸ್ಪೀಡಿನಲ್ಲಿ ಸರಿ ಓಡ್ತದಾ?” ಹೌದು ಅಂದೆ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್‌ಗೆ ಗಾಳಿ ಕೊಡುವ ಐಡಲ್ ವಾಲ್ವ್‌ನಲ್ಲಿ ಕಾರ್ಬನ್ ಕಟ್ಟಿತ್ತು. ಕ್ಲೀನ್ ಮಾಡಿದ್ಮೇಲೆ ಒಮ್ಮೆಯೂ ಆಫ್ ಆಗಿಲ್ಲ.

ಸಿಗ್ನಲ್‌ನಲ್ಲಿ ಆಫ್ ಆಗೋ ಕಾರನ್ನು ರಿಪೇರಿ ಮಾಡಿಸದೆ ಘಾಟಿಗೆ ಒಯ್ಯಬೇಡಿ.