ಕೀಲಿಗೊಂದು ಎಣ್ಣೆ

ಹಳೆಯ ಕಾರೊಂದಕ್ಕೆ ಕನಿಷ್ಠ ಐದು ಬಗೆಯ ಎಣ್ಣೆ ಬೇಕು: ಎಂಜಿನ್ನಿಗೊಂದು, ಗೇರ್ ಬಾಕ್ಸಿಗೊಂದು, ಹಿಂದಿನ ಡಿಫರೆನ್ಷಿಯಲ್ಲಿಗೊಂದು, ಕೀಲುಗಳಿಗೆ ಗ್ರೀಸು, ಬ್ರೇಕಿಗೆ ಅದರದೇ ಆಯಿಲ್. ಬ್ರೇಕಿನದೊಂದನ್ನು ಬಿಟ್ಟರೆ, ಒಂದರ ಜಾಗಕ್ಕೆ ಇನ್ನೊಂದು ಹೋದರೂ ಕಾರು ಅಂದೇ ನಿಲ್ಲುವುದಿಲ್ಲ, ಒಳಗೊಳಗೇ ಸವೆಯುತ್ತದೆ. ಚಕ್ಕಡಿಗೆ ಇಷ್ಟು ಲೆಕ್ಕವಿರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಸವರಿದರೆ ಸಂತೆ ಮುಟ್ಟಿ ಮನೆ ಸೇರಬಹುದಿತ್ತು. ಆ ಕೀಲೆಣ್ಣೆಗೆ ಬಳಸುತ್ತಿದ್ದ ಔಡಲೆಣ್ಣೆಯ ಗುಣವೇನೂ ಸಣ್ಣದಲ್ಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಓಡಿದ್ದು ಅದರ ಬಲದಿಂದ. 1909ರಲ್ಲಿ ಬಂದ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಔಡಲದ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಆದರೆ ಬಹಳ ಕಾದರೆ ಔಡಲೆಣ್ಣೆ ಅಂಟಾಗಿ ಕೂರುತ್ತದೆ. ವಿಜಯಪುರದ ಅಡುಗೆಮನೆಯ ಕುಸುಬಿ ಎಣ್ಣೆಯಂತೂ ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯದು. ಬಣ್ಣದ ತಯಾರಿಕೆಗೆ ಅದು ಒದಗುವುದು ಇದೇ ಗುಣದಿಂದ; ಕಾರಿನ ಬಾಗಿಲ ಕೀಲಿಗೂ ಅದು ಬೇಡ.

ವಿಜಯಪುರ ನಗರ, ಅಥಣಿ ದಾರಿಯ ತಿಕೋಟಾ, ಜಮಖಂಡಿ ದಾರಿಯ ಬಬಲೇಶ್ವರ, ಈ ಸೀಮೆಯಲ್ಲಿ ಹಳೆಯ ಗಾಡಿ ಎಂದ ಕೂಡಲೇ ನೆನಪಾಗುವುದು ಅಂಬಾಸಡರ್, ಪದ್ಮಿನಿ ಮತ್ತು ಜೀಪು. ಅಂಬಾಸಡರ್ ಮೂಲತಃ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. ಅದರ 1489 ಸಿಸಿ ಬಿಎಂಸಿ ಎಂಜಿನ್ ದಶಕಗಟ್ಟಲೆ ದುಡಿದದ್ದು. ಪದ್ಮಿನಿ ಎಂದರೆ ಇಟಲಿಯ ಫಿಯೆಟ್ 1100, ಎಂಜಿನ್ 1089 ಸಿಸಿ. ಜೀಪು ಅಮೆರಿಕದ ವಿಲ್ಲಿಸ್ ವಂಶದ್ದು. ಮೂರರ ಬೇರೂ 1940-50ರ ದಶಕಗಳಲ್ಲಿದೆ. ಅಂದಿನ ಎಂಜಿನ್ನಿನಲ್ಲಿ ಬೇರಿಂಗುಗಳ ಸಂದು ಇಂದಿನದಕ್ಕಿಂತ ಅಗಲ. ಕ್ಯಾಮ್‌ಶಾಫ್ಟಿನ ಉಬ್ಬು ಟ್ಯಾಪೆಟ್ಟಿನ ತಳವನ್ನು ನೇರವಾಗಿ ಉಜ್ಜಿಕೊಂಡೇ ತಿರುಗುತ್ತದೆ. ಎಣ್ಣೆಯ ಆಯ್ಕೆ ನಿಂತಿರುವುದು ಈ ಎರಡು ಸಂಗತಿಗಳ ಮೇಲೆ.

ಡಬ್ಬಿಯ ಮೇಲಿನ 20ಡಬ್ಲ್ಯೂ-50 ಎಂಬುದರಲ್ಲಿ ಡಬ್ಲ್ಯೂ ಅಕ್ಷರದೊಂದಿಗಿನ ಅಂಕಿ ಚಳಿಯ ಲೆಕ್ಕ, ಕೊನೆಯದು ಕಾದ ಎಂಜಿನ್ನಿನ ಲೆಕ್ಕ. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರುತ್ತದೆ, 50ರದು 16.3ರಿಂದ 21.9. ವಿಜಯಪುರದ ಚಳಿಗಾಲ ಎಣ್ಣೆಯನ್ನು ಗಟ್ಟಿಗೊಳಿಸುವಷ್ಟು ಕಠಿಣವಲ್ಲ. ಬೇಸಿಗೆ ಮಾತ್ರ 40 ಡಿಗ್ರಿ ದಾಟಿ ಕಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಅಂಬಾಸಡರಿಗೆ ಹೊಸ ಕಾಲದ 5ಡಬ್ಲ್ಯೂ-30 ತುಂಬಿ ಸೋಲಾಪುರದ ಹೆದ್ದಾರಿಗೆ ಇಳಿಸಿದರೆ ಎಣ್ಣೆ ನೀರಿನಂತಾಗಿ ಒತ್ತಡದ ಮುಳ್ಳು ಕೆಳಗಿಳಿಯುತ್ತದೆ. ಈ ಎಂಜಿನ್ನಿನ ಹಿಂತುದಿಯಲ್ಲಿ ಎಣ್ಣೆಯನ್ನು ತಡೆಯುವುದು ರಬ್ಬರ್ ಸೀಲಲ್ಲ, ಅದನ್ನು ಹಿಂದಕ್ಕೆ ತಿರುಗಿಸಿ ಕಳಿಸುವ ತಿರುಪಿನ ಗೆರೆ. ತೆಳು ಎಣ್ಣೆಗೆ ಅಲ್ಲಿಂದ ಜಾರಿ ಹೊರಬರುವುದು ಸುಲಭ. ಹಾಗಾಗಿ ಈ ಊರಿಗೆ, ಈ ಕಾರುಗಳಿಗೆ 20ಡಬ್ಲ್ಯೂ-50 ಮಿನರಲ್ ಆಯಿಲ್ ಸರಿಯಾದ ಆಯ್ಕೆ. ದುಬಾರಿ ಸಿಂಥೆಟಿಕ್ ಇಲ್ಲಿ ಹೆಚ್ಚಿನದೇನನ್ನೂ ಕೊಡದು.

ಟ್ಯಾಪೆಟ್ಟಿನ ಉಜ್ಜಾಟಕ್ಕೆ ಬರೀ ದಪ್ಪ ಸಾಲದು. ಸತು ಮತ್ತು ರಂಜಕದ ಸಂಯುಕ್ತವೊಂದನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ; ಗ್ಯಾರೇಜಿನ ಮಾತಿನಲ್ಲಿ ಅದು ಬರೀ ಜಿಂಕ್. ಲೋಹಕ್ಕೆ ಲೋಹ ತಾಗುವ ಕಡೆ ಅದು ತೆಳು ಪದರವಾಗಿ ಕೂತು ಸವೆತವನ್ನು ತಾನೇ ನುಂಗಿಕೊಳ್ಳುತ್ತದೆ. ಹೊಸ ಕಾರುಗಳ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ರಂಜಕ ಕೆಡಿಸುವುದರಿಂದ ಎಂಜಿನ್ ಆಯಿಲಿನ ಗುಣಮಟ್ಟ ಹೇಳುವ 2004ರ ಎಪಿಐ ಎಸ್‌ಎಂ ದರ್ಜೆ ಅದರ ಮಿತಿಯನ್ನು ಶೇ 0.08ಕ್ಕೆ ಇಳಿಸಿತು. ಈ ಮಿತಿ ತೆಳು ದರ್ಜೆಗಳಿಗಷ್ಟೇ. 20ಡಬ್ಲ್ಯೂ-50ಕ್ಕೆ ಅದರ ಕಟ್ಟಿಲ್ಲ ಎಂಬುದು ಹಳೆಯ ಕಾರಿನವರ ಪುಣ್ಯ. ಆದರೂ ಕಂಪನಿಯ ಮಾಹಿತಿ ಪತ್ರದಲ್ಲಿ ರಂಜಕದ ಪ್ರಮಾಣ ನೋಡಿಯೇ ಕೊಳ್ಳಬೇಕು. ಟ್ರ್ಯಾಕ್ಟರಿನ 15ಡಬ್ಲ್ಯೂ-40, ಸಿಐ-4 ದರ್ಜೆಯ ಆಯಿಲಿನಲ್ಲೂ ಜಿಂಕ್ ಧಾರಾಳ. ಜೀಪಿಗೆ ಅದು ನಡೆಯುತ್ತದೆ. ಒಂದು ಎಚ್ಚರ: ಈ ಆಯಿಲ್ ಕೊಳೆ ತೊಳೆಯುವುದರಲ್ಲಿ ಬಲು ಚುರುಕು. ವರ್ಷಗಟ್ಟಲೆ ಅಗ್ಗದ ಎಣ್ಣೆ ಕುಡಿದು ತಳದಲ್ಲಿ ಕೆಸರು ಕಟ್ಟಿಕೊಂಡ ಎಂಜಿನ್ನಿಗೆ ಒಮ್ಮೆಲೇ ಹಾಕಿದರೆ ಆ ಕೆಸರು ಎದ್ದು ಎಣ್ಣೆಯ ದಾರಿಗಳನ್ನೇ ಮುಚ್ಚಬಹುದು. ಮೊದಲು ಸಂಪು ಬಿಚ್ಚಿ ತೊಳೆಯುವುದು ಲೇಸು.

ಇನ್ನು ಧೂಳು. ಎರೆ ಹೊಲದ ದಾರಿಯಲ್ಲಿ, ದ್ರಾಕ್ಷಿ ತೋಟದ ಬದಿಯಲ್ಲಿ ಏಳುವ ನುಣುಪಾದ ಧೂಳು ಎಂಜಿನ್ನಿನ ಉಸಿರಿಗೆ ಹೋದರೆ ಪಿಸ್ಟನ್ ರಿಂಗುಗಳನ್ನು ತೇಯುತ್ತದೆ. ಹಳೆಯ ಜೀಪುಗಳಲ್ಲಿ ಇದಕ್ಕೆಂದೇ ಎಣ್ಣೆ ತುಂಬಿದ ಏರ್ ಕ್ಲೀನರ್ ಇದೆ. ಒಳಬರುವ ಗಾಳಿ ಎಣ್ಣೆಯ ಮೇಲೆ ಹಾದು ತಟ್ಟನೆ ತಿರುಗುವಾಗ ಧೂಳು ಎಣ್ಣೆಗೇ ಅಂಟಿಕೊಂಡು ತಳಕ್ಕಿಳಿಯುತ್ತದೆ. ಗುರುತಿನವರೆಗೆ ಎಂಜಿನ್ ಆಯಿಲ್ ತುಂಬಿ, ತಳದಲ್ಲಿ ರಾಡಿ ಕಂಡೊಡನೆ ಚೆಲ್ಲಿ ಹೊಸದು ಹಾಕಬೇಕು. ಬೇಸಿಗೆಯಲ್ಲಿ ಈ ಕೆಲಸ ತಿಂಗಳುಗಟ್ಟಲೆ ಕಾಯುವಂಥದ್ದಲ್ಲ.

ಗೇರ್ ಆಯಿಲಿನ ಅಂಕಿಗಳದು ಬೇರೆಯೇ ಲೆಕ್ಕ. ಗೇರಿನ 90 ಎಂದರೆ ಎಂಜಿನ್ನಿನ 40-50ರಷ್ಟೇ ದಪ್ಪ. ಅಂಕಿಗಿಂತ ಮುಖ್ಯವಾದದ್ದು ಜಿಎಲ್-4, ಜಿಎಲ್-5 ಎಂಬ ಗುರುತು. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕ ಹೆಚ್ಚು. ಡಿಫರೆನ್ಷಿಯಲ್ಲಿನ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಭಾರ ಹೊರುವಾಗ ಅದು ಕಾಪಾಡುತ್ತದೆ. ಅದೇ ಎಣ್ಣೆ ಗೇರ್ ಬಾಕ್ಸಿನ ಹಿತ್ತಾಳೆ, ಕಂಚಿನ ಭಾಗಗಳನ್ನು ಕಾಲಕ್ರಮೇಣ ತಿನ್ನಬಲ್ಲದು. ಮುಂದಿನ ಬಾಕ್ಸಿಗೆ ಜಿಎಲ್-4, ಹಿಂದಿನದಕ್ಕೆ ಜಿಎಲ್-5. ಅದಕ್ಕೂ ಮೊದಲು ಆಯಾ ಕಾರಿನ ಕೈಪಿಡಿಯ ಮಾತು.

ಎಲ್ಲಕ್ಕಿಂತ ಹಿತವಾದ ಕೆಲಸ ಗ್ರೀಸ್ ಹಾಕುವುದು. ಅಂಬಾಸಡರಿನ ಮುಂಗಾಲಿಯ ಕೆಳಕೀಲು, ಅಂದರೆ ಟ್ರನಿಯನ್, ತಿರುಪಿನ ಮೇಲೆ ತಿರುಗುವಂಥದ್ದು. ಒಣಗಿದರೆ ಬೇಗ ಸವೆಯುತ್ತದೆ. ಕಾರಿಗೆ ಜಾಕ್ ಕೊಟ್ಟು, ನಿಪ್ಪಲ್ಲಿನ ಮೇಲಿನ ಮಣ್ಣನ್ನು ಮೊದಲು ಬಟ್ಟೆಯಿಂದ ಒರೆಸಬೇಕು. ಇಲ್ಲವಾದರೆ ಗ್ರೀಸಿನ ಜತೆ ಎರೆಮಣ್ಣೂ ಒಳಹೊಕ್ಕು ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಗನ್ ಒತ್ತುತ್ತ ಹೋದಂತೆ ಅಂಚಿನಿಂದ ಮೊದಲು ಕರಿಯ, ಬೆರಳಿಗೆ ಮರಳು ಮರಳಾಗಿ ಸಿಗುವ ಹಳೆಯ ಗ್ರೀಸು ಎಳೆಯಾಗಿ ಹೊರಬರುತ್ತದೆ. ಆಮೇಲೆ ಮಸಕು ಕಂದು. ಕೊನೆಗೆ ಗನ್ನಿನೊಳಗಿನದೇ ಬಣ್ಣ ಕಂಡಾಗ ಕೈ ನಿಲ್ಲಿಸಬೇಕು. ಇಷ್ಟು ಮಾಡಿದ ಮೇಲೆ ಸ್ಟಿಯರಿಂಗ್ ಹಗುರವಾಗುವುದು ಕೈಗೇ ಗೊತ್ತಾಗುತ್ತದೆ. ಲೀಥಿಯಂ ಗ್ರೀಸ್, 2ನೇ ದರ್ಜೆಯದು, ಬಹುತೇಕ ಕೀಲುಗಳಿಗೂ ಚಕ್ರದ ಬೇರಿಂಗಿಗೂ ಸಾಕು. ಹಳೆಯ ಬಗೆಯ ಕ್ಯಾಲ್ಸಿಯಂ ಗ್ರೀಸು ಬಿಸಿಗೆ ಬೇಗ ಕರಗುವುದರಿಂದ ಚಕ್ರಕ್ಕೆ ಬೇಡ. ಎರಡನ್ನೂ ಬೆರೆಸುವುದೂ ಬೇಡ.

ಡಿಸ್ಟ್ರಿಬ್ಯೂಟರಿನ ರೋಟರ್ ಕೆಳಗೆ, ಡೈನಮೋದ ಹಿಂಬದಿಯ ಬುಷ್‌ಗೆ ಒಂದೆರಡು ಹನಿ ತೆಳು ಎಣ್ಣೆ ಸಾಕು. ಬ್ರೇಕಿಗೆ ಮಾತ್ರ ಮಿನರಲ್ ಆಯಿಲಿನ ಒಂದು ಹನಿಯೂ ಸೇರಬಾರದು. ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಕೈಕೊಡುತ್ತದೆ. ಡಾಟ್-3 ಅಥವಾ ಡಾಟ್-4 ಆಯಿಲ್ ಗಾಳಿಯ ತೇವ ಹೀರುವುದರಿಂದ, ಬಿಚ್ಚಿಟ್ಟ ಡಬ್ಬಿಯಲ್ಲಿ ಬಹುಕಾಲ ಉಳಿದದ್ದನ್ನು ಮತ್ತೆ ಬಳಸಬಾರದು.

ಹಬ್ಬಕ್ಕೋ ಜಾತ್ರೆಗೋ ಮಾತ್ರ ಹೊರಬರುವ ಕಾರಿಗೂ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು. ನಿಂತ ಎಂಜಿನ್ನಿನಲ್ಲಿ ತೇವ ಮತ್ತು ಆಮ್ಲ ಕೂಡಿ ಬೇರಿಂಗುಗಳನ್ನು ತಿನ್ನುತ್ತವೆ. ಎಂಜಿನ್ ಬಿಸಿಯಿರುವಾಗಲೇ ಇಳಿಸಿದರೆ ಕೊಳೆಯೂ ಜತೆಗೆ ಇಳಿಯುತ್ತದೆ. ಹೀಗೆ ಒಂದು ಅಂಬಾಸಡರಿನಿಂದ ಇಳಿಯುವ ಕರಿ ಆಯಿಲ್ ಸುಮಾರು 4 ಲೀಟರ್. ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಅದನ್ನು ಗೆದ್ದಲಿಗೆಂದು ತೋಟದ ಕಂಬಕ್ಕೆ ಸುರಿಯದೆ, ಗಟಾರಕ್ಕೆ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು ಪರವಾನಗಿ ಪಡೆದ ಸಂಗ್ರಹಕಾರರಿಗೇ ಕೊಡಬೇಕು.