ಮೂರು ನಿಮಿಷದ ಟೀ

ನಿಮ್ಮ ಮನೆಯಲ್ಲೂ ಟೀ ಅಂದರೆ ಪುಡಿ, ಹಾಲು, ಸಕ್ಕರೆ ಎಲ್ಲ ಹಾಕಿ ಕುದಿಸುವುದೇ ತಾನೆ? ನಮ್ಮನೆಯಲ್ಲೂ ಅಷ್ಟೇ. ಹಾಗಾಗಿ ನಾನು ಮೊದಲ ಸಲ ಗ್ರೀನ್ ಟೀ ಎಲೆ ತಂದಾಗ ಅದನ್ನೂ ಹತ್ತು ನಿಮಿಷ ಕುದಿಸಿ, ಊರಿಂದ ಬಂದಿದ್ದ ಅಜ್ಜಿಗೆ ಕೊಟ್ಟೆ. ಅಜ್ಜಿ ಪೂರ್ತಿ ಕುಡಿದು, "ಕಷಾಯ ಚೆನ್ನಾಗಿದೆ, ಯಾರಿಗೆ ಜ್ವರ?" ಅಂದರು.

ತಪ್ಪು ನನ್ನದೇ. ಗ್ರೀನ್ ಟೀಗೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿ, ಎರಡು ನಿಮಿಷ ಸಾಕು. ಹೆಚ್ಚಾದರೆ ಕಹಿ, ಒಗರು. ಥರ್ಮಾಮೀಟರ್ ಇಲ್ಲದಿದ್ದರೆ, ಕುದಿದ ನೀರನ್ನು ಸ್ವಲ್ಪ ಆರಲು ಬಿಡಿ. ಡಾರ್ಜಿಲಿಂಗ್ ಬ್ಲ್ಯಾಕ್ ಟೀಗೆ ಇನ್ನೂ ಬಿಸಿ ನೀರು, ಮೂರು ನಿಮಿಷ. ಊಲಾಂಗ್ ಎಲೆಯನ್ನಂತೂ ಎಸೆಯಬೇಡಿ, ಮೂರ್ನಾಲ್ಕು ಸಲ ನೀರು ಹಾಕಬಹುದು. ಇವೆಲ್ಲ ಒಂದೇ ಜಾತಿಯ ಗಿಡದ ಎಲೆಗಳು, ಕೊಯ್ದ ಮೇಲೆ ಹದ ಮಾಡುವ ರೀತಿ ಬೇರೆ. (ನನ್ನ ತಮ್ಮ ಇನ್ನೂ ನಂಬಿಲ್ಲ.)

ಅಜ್ಜಿಗೆ ಡಾರ್ಜಿಲಿಂಗ್ ಹಿಡಿಸಿತು, ಹಾಲಿಲ್ಲದೆಯೇ! ನನಗೆ ಹಿಡಿಸಿದ್ದು ಆ ಮೂರು ನಿಮಿಷ. ನನ್ನ ಕನ್ನಡ ತಡವರಿಸುತ್ತದೆ ಅಂತ ನಾಚಿಕೆ, 'ಊಟ ಆಯ್ತಾ ಅಜ್ಜಿ' ಬಿಟ್ಟು ಬೇರೆ ಮಾತೇ ಇರಲಿಲ್ಲ. ಎಲೆ ಅರಳುವುದನ್ನು ಇಬ್ಬರೇ ನೋಡುತ್ತಾ ಕೂತರೆ ಏನಾದರೂ ಮಾತಾಡಲೇಬೇಕಲ್ಲ? 'ಒಗರು' ಅನ್ನುವ ಪದ ಕಲಿತದ್ದೇ ಹಾಗೆ. ತಾತ ಹೋಟೆಲಿನಲ್ಲಿ ಬೈಟು ಟೀ ತರಿಸಿ, ತಮ್ಮ ಲೋಟದಿಂದ ಒಂದು ಗುಟುಕು ಅಜ್ಜಿಯ ಲೋಟಕ್ಕೆ ಸುರಿಯುತ್ತಿದ್ದರಂತೆ. ಇದು ಅಮ್ಮನಿಗೂ ಗೊತ್ತಿರಲಿಲ್ಲ.

ಹೋದ ಭಾನುವಾರ ಅಜ್ಜಿ ಊರಿಗೆ ಹೊರಟರು. ಅವರ ಬ್ಯಾಗಿನಲ್ಲಿ ಒಂದು ಪೊಟ್ಟಣ ಡಾರ್ಜಿಲಿಂಗ್ ಇಟ್ಟೆ. ಮೇಲೆ ಕನ್ನಡದಲ್ಲಿ ಬರೆದೆ: "ಮೂರು ನಿಮಿಷ ಬಿಡಿ. ಅಷ್ಟರಲ್ಲಿ ನನಗೆ ಫೋನ್ ಮಾಡಿ."